ಕಾಲಿಂಚು ತಪ್ಪಿದ ತೂತುಗಳು

"ಸೈನ್ ಮಾಡು ಈಶಣ್ಣ. ಹನ್ನೊಂದಕ್ಕೆ ಡ್ರಿಲ್ ಶುರು ಆಗ್ಬೇಕು," ಎಂದು ಬದರೀನಾಥರು ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ ಪೆನ್ನು ಚಾಚಿದರು.

ಈಶಣ್ಣ ಪೆನ್ನು ಮುಟ್ಟಲಿಲ್ಲ. ಮಾನ್ಮತ್ ಜಂಕ್ಷನ್ ಎಂಬ ಊರಿನಾಚೆ, ಆಲೂಗಡ್ಡೆ ಕಿತ್ತು ಬರಿದಾದ ಹೊಲದಲ್ಲಿ ಇಂಗ್ಲೆಂಡಿನ ಒಬ್ಬ ರೈತನ ಮನೆ ಬಿಡಿಬಿಡಿಯಾಗಿ ಮಲಗಿತ್ತು. ಐನೂರು ವರ್ಷದ ಓಕ್ ಕಂಬಗಳು, ತೊಲೆಗಳು. ಕೊಂಡವನೊಬ್ಬ ಹಡಗಿನಲ್ಲಿ ತರಿಸಿದ್ದ. ಮತ್ತೆ ನಿಲ್ಲಿಸುವ ಕೆಲಸ ಬದರೀನಾಥರ ಕಂಪನಿಯದು. ಯಾವ ತೊಲೆ ಯಾವ ಕಂಬಕ್ಕೆ ಎಂದು ಅಂದಿನ ಬಡಗಿ ಉಳಿಯಿಂದ ಗೀರಿದ್ದ. ಆ ಗೀರುಗಳನ್ನು ಹೊಂದಿಸಿ ನಕ್ಷೆ ಬರೆಯಲು ಡ್ರಾಫ್ಟ್ಸ್‌ಮನ್ ಈಶಣ್ಣನಿಗೆ ಇಪ್ಪತ್ತು ದಿನ ಹಿಡಿದಿತ್ತು.

ತೊಡಕು ಬಂದದ್ದು ತೂತುಗಳಲ್ಲಿ. ತೊಲೆಯ ತುದಿಯ ನಾಲಿಗೆ ಕಂಬದ ಕುಳಿಯಲ್ಲಿ ಕೂರಬೇಕು, ಎರಡನ್ನೂ ಹಾಯ್ದು ಮರದ ಮೊಳೆ ಇಳಿಯಬೇಕು. ಆದರೆ ಹದಿನೆಂಟು ಕೀಲುಗಳಲ್ಲಿ ಒಂದರಲ್ಲೂ ತೂತಿಗೆ ತೂತು ಕೂಡುತ್ತಿರಲಿಲ್ಲ, ಕಾಲಿಂಚು ಆಚೀಚೆ. ಮರ ಸೊಟ್ಟಗಾಗಿದೆ, ದೊಡ್ಡದಾಗಿ ಕೊರೆದು ಕಬ್ಬಿಣದ ಬೋಲ್ಟ್ ಹಾಕೋಣ ಎಂದು ಬದರೀನಾಥರು ತೀರ್ಮಾನಿಸಿದ್ದರು. ಅದಕ್ಕೆ ನಕ್ಷೆ ಬರೆದವನ ಸಹಿಯೂ ಬೇಕಿತ್ತು.

ಸೊಟ್ಟಗಾದ ಮರ ದಿಕ್ಕಿಗೊಂದರಂತೆ ಎಳೆಯುತ್ತದೆ, ಇಲ್ಲಿ ನಾಲಿಗೆಯ ತೂತುಗಳು ಹದಿನೆಂಟೂ ತೊಲೆಯ ಕಡೆಗೇ ಸರಿದಿವೆಯಲ್ಲ ಎಂದು ಈಶಣ್ಣ ಬೆಳಗಿನಿಂದ ಮೂರು ಸಲ ಹೇಳಿದ್ದ.

"ಎಂಜಿನಿಯರ್ ನಾನೋ, ನೀನೋ? ಇಷ್ಟು ದೂರ ಬಂದ್ರೂ ಬಡಗಿ ಬುದ್ಧಿ ಬಿಡಲ್ವಲ್ಲ ನೀನು."

ತಾವಿದ್ದ ಪಿಸ್ಕಾಟವೇ ಊರಿನ ಕನ್ನಡದವರ ಊಟಗಳಲ್ಲಿ ಈಶಣ್ಣ ತನ್ನ ಮನೆತನದ ಕಸುಬನ್ನು ಎಂದೂ ಎತ್ತಿದವನಲ್ಲ. ಬದರೀನಾಥರೊಬ್ಬರಿಗೇ ಅದು ಗೊತ್ತಿತ್ತು.

"ಹೌದ್ರಿ, ಬಡಿಗ್ಯಾನ ಮಗಾ ಅದೀನಿ. ಅದಕ್ಕ ಹೇಳಾಕತ್ತೀನಿ. ನೆಟ್ಟಗ ಕೊರದ್ರ ಮೊಳಿ ಸುಮ್ನ ನಿಲ್ತೈತಿ. ತಪ್ಪಿಸಿ ಕೊರದ್ರ ತೊಲೀನ ಕಂಬಕ್ಕ ಎಳೀತೈತಿ. ನೆಟ್ಟಗ ಕೊರದಿದ್ದಕ್ಕ ನಮ್ಮಪ್ಪನ ಕೈಲಿ ಏಟು ತಿಂದೀನಿ ನಾ."

ಬದರೀನಾಥರು ಪೆನ್ನಿನ ಮುಚ್ಚಳ ಹಾಕಿದರು. ದನಿ ಏರಿಸಲಿಲ್ಲ.

"ನಿನ್ನ ಗ್ರೀನ್ ಕಾರ್ಡ್ ಲೆಟರ್ ನನ್ನ ಟೇಬಲ್ ಮೇಲಿದೆ. ನಾನು ಸೈನ್ ಮಾಡಿದ್ರೆ ತಾನೇ ಅದು ಹೋಗೋದು?"

ಹೆಂಡತಿ ಕೌಸಲ್ಯಾ ಏಳು ತಿಂಗಳ ಬಸುರಿ. ವೀಸಾ ಮುಗಿಯಲು ಉಳಿದಿದ್ದದ್ದು ನಾಲ್ಕು ತಿಂಗಳು. ಈಶಣ್ಣ ನಕ್ಷೆಯನ್ನು ಜೋಪಾನವಾಗಿ ಸುತ್ತಿ ಅವರ ಕೈಗೇ ಕೊಟ್ಟ.

"ನೀವೂ ಮಾಡಬ್ಯಾಡ್ರಿ. ನಾನೂ ಮಾಡಂಗಿಲ್ಲ."

ಸೋಮವಾರದಿಂದ ಆಫೀಸಿಗೆ ಬರಬೇಡ ಎಂದರು ಬದರೀನಾಥರು.

"ಆತ್ರಿ. ಇವತ್ತ ಐದರ ತನಕ ಕೆಲಸ ಐತಲ್ಲ ನಂದು."

ಅವನು ಓಕ್ ತುಂಡೊಂದನ್ನು ಕೊಡಲಿಯಿಂದ ಮರದ ನಾರಿನ ಗುಂಟ ಸೀಳಿ, ತುದಿ ಸಣ್ಣಗಾಗುವಂತೆ ಮೊಳೆ ಕೆತ್ತಿದ. ನೆಲದ ಮೇಲೆ ಜೋಡಿಸಿಟ್ಟಿದ್ದ ಮೊದಲ ಕೀಲಿನಲ್ಲಿ ಬೆರಳ ಉಗುರು ಹೋಗುವಷ್ಟು ಸಂದಿತ್ತು. ಮೊಳೆ ಇಟ್ಟು ಹೊಡೆದ. ಮೊದಲು ಪೊಳ್ಳು ಸದ್ದು, ಆಮೇಲೆ ಗಟ್ಟಿ. ಮೊಳೆ ಒಳಗೇ ಬಾಗಿ ತೊಲೆಯನ್ನು ಎಳೆದುಕೊಂಡಿತು, ಸಂದು ಮುಚ್ಚಿತು.

ಡ್ರಿಲ್ ಹಿಡಿದು ಕಾದಿದ್ದ ಇಬ್ಬರು ಕೆಲಸಗಾರರು ಬಗ್ಗಿ ನೋಡಿದರು. ಕೊರೆಯಬೇಕೋ ಬೇಡವೋ ಎಂದು ಕೇಳಲು ತಿರುಗುವ ಹೊತ್ತಿಗೆ ಬದರೀನಾಥರು ಕಾರಿನೊಳಗಿದ್ದರು, ಗಾಜು ಏರಿಸಿಕೊಂಡು. ಕಾರು ಹೊರಡಲೂ ಇಲ್ಲ.

ಈಶಣ್ಣ ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ. ಏಳನೆಯದರಲ್ಲಿ ಕೆಲಸಗಾರರಲ್ಲಿ ಹಿರಿಯನು ಡ್ರಿಲ್ಲನ್ನು ಮಣ್ಣಿನ ಮೇಲಿಟ್ಟು, ಮಂಡಿಯೂರಿ ತೊಲೆಯನ್ನು ಅದುಮಿ ಹಿಡಿದ. ಸುತ್ತಿಗೆ ಬಿದ್ದಂತೆಲ್ಲ ಕುಳಿಯ ಬಾಯಿಂದ ಹಳೆಯ ಕಂದು ಧೂಳು ಹೊರಟು ಇಬ್ಬರ ಮಣಿಕಟ್ಟುಗಳ ಮೇಲೂ ಉದುರುತ್ತಿತ್ತು.