ಸೋಕೊಲಿನ್ ಬಾವಿಯ ಕೈಕೋವಿ

ಸೋಕೊಲಿನ್ ಕೋಟೆಯ ಉತ್ಖನನದಲ್ಲಿ ಬಾವಿಗೆ ಇಳಿಯುವ ಕೆಲಸ ಅಲೋಯಿಸನದು. ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತನಾದ ಆಸಾಮಿ. ನೆಲದ ಮೇಲಿನ ಗಾಳಿ ತನ್ನ ಮೈಗೆ ಒಗ್ಗುವುದಿಲ್ಲವೆಂದು ಹೇಳಿಕೊಂಡು ತಿರುಗುತ್ತಿದ್ದ. ಆಗಸ್ಟಿನ ಒಂದು ಬೆಳಿಗ್ಗೆ ಇಪ್ಪತ್ತೆರಡು ಮೀಟರ್ ಆಳದಿಂದ ಅವನ ಕೂಗು ಕೇಳಿಸಿತು.

"ಪಾನೀ ಲಿಬುಶೆ, ಇಲ್ಲೊಂದು ಕೊಳವೆ ಸಿಕ್ಕಿದೆ! ನಲ್ಲಿ ಪೈಪಂತೂ ಅಲ್ಲ!"

ಲಿಬುಶೆ ಜಿಲ್ಲಾ ಮ್ಯೂಸಿಯಮ್ಮಿನಲ್ಲಿ ಲೋಹದ ವಸ್ತುಗಳನ್ನು ನೋಡಿಕೊಳ್ಳುವವಳು; ಅಲ್ಲಿನವರು ಅವಳನ್ನು ಗೌರವಕ್ಕೆ 'ಪಾನೀ', ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದರು. ಬಕೆಟ್ಟು ಮೇಲೆ ಬಂದೊಡನೆ ಕೆಸರನ್ನು ಬೆರಳಲ್ಲೇ ಒರೆಸಿದಳು. ಹಸಿರುಗಟ್ಟಿದ ಕಂಚು, ಗೇಣುದ್ದ, ಹಿಂಬದಿಯಲ್ಲಿ ಮೆಣಸಿನ ಕಾಳಿನಷ್ಟು ತೂತು. ಅಲ್ಲಿ ಕೆಂಡ ಮುಟ್ಟಿಸಿದರೆ ಮದ್ದು ಹೊತ್ತಿಕೊಳ್ಳುತ್ತಿತ್ತು. ಕೋವಿ ಎಂಬುದು ಲೋಕಕ್ಕೆ ಇನ್ನೂ ಹೊಸದಾಗಿದ್ದ ಕಾಲದ ಕೈಕೋವಿ.

ಉತ್ಖನನದ ಮುಖ್ಯಸ್ಥ ರಾಡಿಮ್ ಓಡಿ ಬಂದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ನೋಡಿದವನೇ ತೀರ್ಪು ಕೊಟ್ಟ. "ಹುಸ್ ಪಂಥದವರ ಯುದ್ಧದ್ದು. ಸಾವಿರದ ನಾನೂರಿಪ್ಪತ್ತರ ಆಚೀಚೆ. ಆಕಾರ ನೋಡಿದ್ರೇ ಗೊತ್ತಾಗುತ್ತೆ."

"ಆಕಾರ ನೋಡಿ ನಾನೂ ಇಪ್ಪತ್ತಾರು ವರ್ಷದಿಂದ ಕಾಲ ಹೇಳ್ತಾ ಬಂದಿದೀನಿ ರಾಡಿಮ್. ಒಂದರ ಮೇಲೂ ನನಗೆ ನಂಬಿಕೆ ಇಲ್ಲ."

ಅಷ್ಟರಲ್ಲಿ ಅಲೋಯಿಸ್ ಮೇಲೆ ಬಂದು ರಾಡಿಮನತ್ತ ತಿರುಗಿದ. "ಡಾಕ್ಟ್ರೇ, ಅದು ಸಿಕ್ಕಿದ್ದು ಸುಟ್ಟ ತೊಲೆಗಳ ಕೆಳಗೆ. ಆ ತೊಲೆಗಳು ಒಂದಕ್ಕೊಂದು ಕಚ್ಕೊಂಡು ಬಿದ್ದಿದ್ವು. ಎರಡು ವಾರ ಗರಗಸ ಎಳ್ದವನು ನಾನು. ಸಂದಿಲಿ ಇಲಿ ಕೂಡ ನುಸುಳಲ್ಲ."

ರಾಡಿಮನ ಮುಖ ಬಣ್ಣಗೆಟ್ಟಿತು. ಕೋಟೆ ಸುಟ್ಟದ್ದು ಯಾವಾಗೆಂದು ಅವನಿಗೆ ಗೊತ್ತಿತ್ತು; ಪಕ್ಕದ ಮಠದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದ: ೧೩೯೧ರ ಸೆಪ್ಟೆಂಬರ್ ಕೊನೆ, ಸಂತ ವಾತ್ಸ್ಲಾವನ ಹಬ್ಬದ ದಿನ. ಬಾವಿಮನೆಯ ಸೂರು ಉರಿಯುತ್ತ ಬಾವಿಯೊಳಗೆ ಕುಸಿದದ್ದೂ ಅಂದೇ. ಹಾಗಾದರೆ ಕೋವಿ ಅದಕ್ಕೆ ಮೊದಲೇ ಅಲ್ಲಿತ್ತು!

"ಅದರ ಕೆಳಗೇನಿದೆ?" ಲಿಬುಶೆ ಕೇಳಿದಳು.

"ಅಂಗೈ ದಪ್ಪ ಕೆಸರು. ಅದರಡಿಗೆ ಓಕ್ ಹಲಗೆ ಹಾಸಿದಾರೆ. ತೊಗಟೆ ಸಮೇತ."

ಹಲಗೆಯ ತುಂಡೊಂದು ಮರದ ಉಂಗುರ ಎಣಿಸುವ ಪ್ರಯೋಗಾಲಯಕ್ಕೆ ಹೋಯಿತು; ತೊಗಟೆ ಉಳಿದಿದ್ದರೆ ಮರ ಕಡಿದ ವರ್ಷವೇ ಸಿಗುತ್ತದೆ. ಕೋವಿ ಮಾತ್ರ ಊರಿನ ಪಶುವೈದ್ಯನ ಎಕ್ಸ್-ರೇ ಮೇಜನ್ನೇರಿತು. ಕುದುರೆ ಕಾಲಿಗೆಂದು ತರಿಸಿದ ಯಂತ್ರ ಅದು. ಪರದೆಯ ಮೇಲೆ ಕೊಳವೆಯ ನಡುವೆ ಬೆಳ್ಳಗಿನ ಚೆಂಡೊಂದು ಮೂಡಿತು. ಸೀಸದ ಗುಂಡು.

"ತುಂಬಿದ ಕೋವಿ," ಎನ್ನುತ್ತ ರಾಡಿಮ್ ಎರಡು ಹೆಜ್ಜೆ ಹಿಂದೆ ಸರಿದ.

ಪೊಲೀಸರ ಸಿಡಿಮದ್ದು ತಜ್ಞ ಬಂದು ನೋಡಿ ನಕ್ಕುಬಿಟ್ಟ. "ಆರುನೂರು ವರ್ಷ ನೀರು ಕುಡಿದಿರೋ ಮದ್ದು. ಸಿಡಿಯೋದಿರಲಿ, ಸೀನೋದೂ ಇಲ್ಲ."

ಒಳಗಿನದನ್ನು ಹೊರತೆಗೆಯಲು ಲಿಬುಶೆಗೆ ಒಂಬತ್ತು ದಿನ ಹಿಡಿಯಿತು. ಮೊದಲು ಬಂದದ್ದು ಗುಂಡು ಉರುಳದಂತೆ ತುರುಕಿದ್ದ ರೈ ಧಾನ್ಯದ ಹುಲ್ಲು, ಅದರಲ್ಲೊಂದು ತೆನೆಯ ತುಣುಕು. ಆಮೇಲೆ ಗುಂಡು. ಕೊನೆಗೆ, ಮದ್ದನ್ನು ಮುಚ್ಚಿದ್ದ ಮರದ ಬಿರಡೆ. ಅದರ ಅಂಚಿನಲ್ಲಿ ಸಾಲಾಗಿ ನಾಲ್ಕು ಗುಳಿ. ಏನೆಂದು ಹೊಳೆಯದೆ ಅವಳು ಅಲೋಯಿಸನನ್ನು ಕರೆಸಿ ಭೂತಗನ್ನಡಿ ಕೊಟ್ಟಳು.

ಅವನು ಬಗ್ಗಿ ನೋಡಿ ಟೊಪ್ಪಿ ತೆಗೆದ. "ಹಲ್ಲು. ಒಂದು ಕೈಲಿ ಕೊಳವೆ, ಇನ್ನೊಂದರಲ್ಲಿ ಮದ್ದು. ಬಿರಡೆ ಇಟ್ಕೊಳ್ಳೋಕೆ ಬಾಯಿ ಬಿಟ್ರೆ ಇನ್ನೇನಿದೆ? ಗಣೀಲಿ ನಾವೂ ಹಾಗೇ ಮಾಡ್ತಿದ್ವಿ."

ಫೆಬ್ರವರಿಯಲ್ಲಿ ರಾಡಿಮನ ಫೋನು ಬಂತು. ಪ್ರಯೋಗಾಲಯದ ವರದಿ ಅವನ ಕೈ ಸೇರಿತ್ತು. "ಕೂತಿದೀರಾ? ಕೂತ್ಕೊಳ್ಳಿ ಮೊದಲು."

"ಓದಪ್ಪ ಸುಮ್ನೆ."

"ಹಲಗೆ ಮರ ಕಡಿದದ್ದು ೧೩೮೭-೮೮ರ ಚಳಿಗಾಲದಲ್ಲಿ. ರೈ ಹುಲ್ಲಿನ ಇಂಗಾಲ ಪರೀಕ್ಷೆಯಲ್ಲಿ ಎರಡು ಕಾಲಾವಧಿ ಕೊಟ್ಟಿದಾರೆ. ಒಂದು ತೀರಾ ಹಿಂದಿನದು. ಇನ್ನೊಂದು ಸರಿಯಾಗಿ ಈ ವರ್ಷಗಳ ಮೇಲೇ ಕೂರುತ್ತೆ." ಅವನ ದನಿ ತಗ್ಗಿತು. "ಕೋವಿ ಎರಕ ಹೊಯ್ದದ್ದು ಇನ್ನೂ ಹಿಂದೆ ಇರಬಹುದು. ಆದ್ರೆ ಬಾವಿಗೆ ಬಿದ್ದದ್ದು ಹಲಗೆ ಹಾಸಿದ ಮೇಲೆ, ಬೆಂಕಿಗೆ ಮುಂಚೆ. ನಾನು ಹೇಳಿದ್ದು ತಪ್ಪು ಪಾನೀ ಲಿಬುಶೆ. ಮೂವತ್ತು ವರ್ಷ ತಪ್ಪು."

ಲಿಬುಶೆ ಬೆರಳು ಮಡಿಸಿದಳು. ಹಲಗೆಯಿಂದ ಬೆಂಕಿಯವರೆಗೆ ಮೂರೂವರೆ ವರ್ಷ. ಗೂಟಕ್ಕೆ ನೇತುಹಾಕಿದ್ದ ಅವಳ ಚಳಿಗಾಲದ ಕೋಟು ಕೂಡ ಅದಕ್ಕಿಂತ ಹಳೆಯದು. ಆರು ಶತಮಾನದ ಕತ್ತಲಲ್ಲಿ ಕೈಯಾಡಿಸಿ ಇಷ್ಟು ಕಿರಿದಾದ ಗಳಿಗೆಯನ್ನು ಹಿಡಿದೆವೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಹೆಚ್ಚೆಂದರೆ ನಾಲ್ಕು ಸುಗ್ಗಿ. ಅವುಗಳಲ್ಲೊಂದರ ಬಿಸಿಲು ಕುಡಿದ ತೆನೆ ಅವಳೆದುರು ಗಾಜಿನ ತಟ್ಟೆಯಲ್ಲಿತ್ತು, ಇನ್ನೂ ಹೊಟ್ಟು ಉದುರಿರಲಿಲ್ಲ.

"ಕೋವಿ ತುಂಬಿದವನು ಯಾಕೆ ಹಾರಿಸಲಿಲ್ಲ?" ರಾಡಿಮ್ ಕೇಳಿದ.

"ಅದನ್ನ ಹೇಳೋ ಪ್ರಯೋಗಾಲಯ ಇಲ್ಲ ಮಾರಾಯ."

ಹೊರಗೆ ಹಿಮ ಬೀಳುತ್ತಿತ್ತು. ಹೇಳುವುದೆಲ್ಲ ಮುಗಿದಿತ್ತು. ಆದರೂ ಇಬ್ಬರಲ್ಲಿ ಒಬ್ಬರೂ ಫೋನು ಇಡಲಿಲ್ಲ.