ಮನುಷ್ಯರೇ ನೋಡಲಿ

ವಾರಗಿತ್ತಿಗೆ ಬಂದ ಮೆಸೇಜನ್ನು ಅತ್ತೆ ಎರಡನೇ ಸಲ ಓದಿಸುತ್ತಿದ್ದಾಗ ಹಿರಿಸೊಸೆ ಪಾತ್ರೆ ಉಜ್ಜುತ್ತಲೇ ಇದ್ದಳು. ತೊಳೆದಿಟ್ಟಿದ್ದನ್ನೂ ಮತ್ತೆ ಎಳೆದುಕೊಂಡು ಉಜ್ಜಿದಳು. ಅವಳ ಫೋನಿಗೂ ಮೆಸೇಜು ಬಂದಿತ್ತು. ಅದು ಯಾರಿಗೂ ಓದಿ ಹೇಳುವಂಥದ್ದಾಗಿರಲಿಲ್ಲ.

ಇಬ್ಬರೂ ಒಂದೇ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವರು. ಕಿರಿಯವಳನ್ನು ಅಲ್ಲಿಗೆ ಸೇರಿಸಿದ್ದೇ ಇವಳು. ದಾರ ಪೋಣಿಸುವುದರಿಂದ ಹಿಡಿದು ಎಲ್ಲ ಕಲಿಸಿದ್ದೂ ಇವಳೇ. ಸೂಪರ್‌ವೈಸರ್ ಕೆಲಸ ಖಾಲಿಯಾದಾಗ ಇಬ್ಬರೂ ಅರ್ಜಿ ಹಾಕಿದರು. ಆರಿಸುವುದು ಕಂಪ್ಯೂಟರ್, ಫೋನಿನ ಮುಂದೆ ಕೂತು ಅದು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳಿಸಬೇಕಿತ್ತು. ಅದು ಆರಿಸಿದ್ದು ಕಿರಿಯವಳನ್ನು.

ತಮ್ಮನ ಹೆಂಡತಿ ಚುರುಕು ಎಂದು ಗಂಡನೂ ಹೇಳಿದಾಗ ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದಳು. ವಾರಗಿತ್ತಿ ನಕ್ಕರೆ ಮೆರೆಯುತ್ತಿದ್ದಾಳೆ ಅನಿಸುತ್ತಿತ್ತು, ಸುಮ್ಮನಿದ್ದರೆ ಕನಿಕರಪಡುತ್ತಿದ್ದಾಳೆ ಅನಿಸುತ್ತಿತ್ತು.

ಹೊಸ ಕಾನೂನಿನ ವಿಷಯ ಹೇಳಿದ್ದು ಯೂನಿಯನ್ನಿನ ಹೆಂಗಸು. ಕಂಪ್ಯೂಟರ್ ಯಾರನ್ನು ಬೇಡವೆಂದಿತೋ ಅವರು ಕಾರಣ ಕೇಳಬಹುದು, ಮನುಷ್ಯರೇ ಇನ್ನೊಮ್ಮೆ ನೋಡಲಿ ಎಂದು ಪಟ್ಟು ಹಿಡಿಯಬಹುದು. ಅಲ್ಲಿಯವರೆಗೆ ಆ ಕೆಲಸಕ್ಕೆ ಯಾರನ್ನೂ ಕೂರಿಸುವಂತಿಲ್ಲ. ಆ ಕೊನೆಯ ಮಾತು ಅವಳಿಗೆ ಬಹಳ ಹಿಡಿಸಿತು. ಅವತ್ತೇ ದೂರು ಕೊಟ್ಟಳು. ಅತ್ತೆ ಮಾತು ಬಿಟ್ಟರು. ವಾರಗಿತ್ತಿ ಮಾತ್ರ, ನೀವು ಕೇಳಿದ್ದು ಸರಿಯಾಗೇ ಇದೆ ಅಕ್ಕ ಎಂದಳು. ಅದು ಇನ್ನಷ್ಟು ಉರಿಸಿತು.

ವಿಚಾರಣೆಯ ದಿನ ಎದುರಿಗಿದ್ದ ಕಾರ್ಖಾನೆಯ ಅಧಿಕಾರಿ ಹೆಂಗಸು ಮೊದಲು ನೀರು ಕೊಟ್ಟರು. ಮಗು ಸಣ್ಣದಿದ್ದಾಗ ಇವಳು ಕೆಲಸ ಬಿಟ್ಟಿದ್ದಕ್ಕೆ ಕಂಪ್ಯೂಟರ್ ಅಂಕ ಕಳೆದಿತ್ತಂತೆ. ಅದು ತಪ್ಪು, ಸರಿಪಡಿಸಿದ್ದೇವೆ ಎಂದರು. ಇವಳ ಬೆನ್ನು ನೆಟ್ಟಗಾಯಿತು.

"ಆಮೇಲೆ ನಾನೇ ಕೂತು ಇಬ್ಬರದ್ದೂ ನೋಡಿದೆ. ಕೆಲಸ ನಿಮಗೇ ಜಾಸ್ತಿ ಗೊತ್ತು. ಆದ್ರೆ ಹೊಸ ಹುಡುಗಿ ತಪ್ಪು ಹೊಲಿದ್ರೆ ಏನ್ಮಾಡ್ತೀರಿ ಅಂದಾಗ, ಕಿತ್ತುಕೊಂಡು ನಾನೇ ಹೊಲೀತೀನಿ ಅಂದಿದ್ದೀರಿ. ಅವರು, ಪಕ್ಕದಲ್ಲಿ ಕೂತು ಅವಳ ಕೈಲೇ ಹೊಲಿಸ್ತೀನಿ ಅಂದಿದ್ದಾರೆ. ನಾನಾದ್ರೂ ಅವರನ್ನೇ ತಗೋತಿದ್ದೆ."

ವಾರಗಿತ್ತಿ ಹೊಸದರಲ್ಲಿ ಕೆಡಿಸಿದ ಅಂಗಿ ತೋಳುಗಳನ್ನೆಲ್ಲ ಬೈದುಕೊಳ್ಳುತ್ತ ತಾನೇ ಬಿಚ್ಚಿ ಹೊಲಿದದ್ದು ಅವಳಿಗೆ ನೆನಪಾಯಿತು. ಕಂಪ್ಯೂಟರನ್ನಾದರೆ ಮನಸಾರೆ ಶಪಿಸಬಹುದಿತ್ತು. ಈ ಅಧಿಕಾರಿಯಾದರೋ ಎದುರು ಕೂತು ಮುಖ ನೋಡಿಯೇ ಹೇಳಿದ್ದರು.

ಗೇಟಿನ ಬಳಿ ವಾರಗಿತ್ತಿ ಕಾಯುತ್ತಿದ್ದಳು. "ಏನಂದ್ರು ಅಕ್ಕ?"

"ಕಂಪ್ಯೂಟರ್‌ದೇ ತಪ್ಪಂತೆ. ಮಗು ನೋಡ್ಕೊಂಡು ಮನೇಲಿದ್ದಿದ್ದಕ್ಕೆ ನನ್ನ ಅಂಕ ಕಳೆದಿತ್ತಂತೆ."

ಕಿರಿಯವಳ ಮುಖ ಬಾಡಿತು. "ಹಾಗಾದ್ರೆ ಇದು ನಿಮಗೆ ಸೇರಬೇಕಾಗಿದ್ದ ಕೆಲಸ."

ಇವಳು ಬಸ್ಸು ಬರುವ ದಾರಿಯತ್ತ ತಿರುಗಿ, ಅಧಿಕಾರಿ ಆಡದ ಮಾತೊಂದನ್ನು ಸೇರಿಸಿದಳು. "ಈಗ ಬದಲಾಯಿಸೋಕಾಗಲ್ವಂತೆ. ಇರಲಿ, ನೀನೇ ಮಾಡು."

ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. ವಾರಗಿತ್ತಿ ಬಿಟ್ಟುಕೊಟ್ಟಳು. ಹಿರಿಯವಳು ಕೂತು, ಕೇಳದೆಯೇ ಅವಳ ಬ್ಯಾಗನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಕಿರಿಯವಳು ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ತಿರುವು ಬಂದಾಗಲೆಲ್ಲ ಅವಳ ಸೆರಗಿನ ತುದಿ ಇವಳ ಭುಜಕ್ಕೆ ತಾಗಿ ಹೋಗುತ್ತಿತ್ತು.