ಎಬ್ಬೆಯ ಎದುರಾಳಿ

ಹೆಸರಾಂತ ಹಾಡುಗಾರ್ತಿ ಲೋವೀಸಾ ಹೆಡ್‌ಮನ್ ಕಡೆಯವರು ಫೋನ್ ಮಾಡಿದಾಗ ನಾನು ನಮ್ಮೂರು ಉಮೆಯೋದ ಸಿಟಿ ಬಸ್ಸಿನಲ್ಲಿ ಗಿಟಾರನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಸಹಪಾಠಿ ಎಬ್ಬೆಯ ಪ್ರಬಂಧ ಓದುತ್ತಿದ್ದೆ. ಲೋವೀಸಾಳ ಪ್ರವಾಸದಲ್ಲಿ ಅವಳಿಗಿಂತ ಮೊದಲು ಅರ್ಧ ಗಂಟೆ ಹಾಡುವ ಹುಡುಗನಿಗೆ ಗಂಟಲು ಕಟ್ಟಿದೆಯಂತೆ. ದೇಶದ ಇನ್ನೊಂದು ತುದಿಯ ಗೋಥೆನ್‌ಬರ್ಗ್‌ಗೆ ಅವನ ಬದಲು ನನಗೆ ಬರಲಾಗುತ್ತದೆಯೇ ಎಂದು ಕೇಳಿದರು. ದೊಡ್ಡ ಸಭಾಂಗಣ, ಟಿಕೆಟ್ಟೆಲ್ಲ ಮಾರಿ ಹೋಗಿದೆ, ಚೆನ್ನಾಗಿ ಹಾಡಿದರೆ ಬರುವ ಚಳಿಗಾಲದ ಪ್ರವಾಸವಿಡೀ ನಾನೇ ಇರಬಹುದು ಎಂದರು. ಯಾವತ್ತು ಎಂದೆ. ಶುಕ್ರವಾರ, ಮಧ್ಯಾಹ್ನವೇ ಬಂದು ಮೈಕು ನೋಡಿಕೊಳ್ಳಬೇಕು ಎಂದರು. ನನ್ನ ಕೈಯಲ್ಲಿದ್ದ ಪ್ರಬಂಧದ ಸೆಮಿನಾರೂ ಶುಕ್ರವಾರ ಮಧ್ಯಾಹ್ನವೇ. ನಾಳೆ ಸಂಜೆಯೊಳಗೆ ತಿಳಿಸುತ್ತೇನೆ ಎಂದು ಫೋನಿಟ್ಟೆ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು.

ನನ್ನ ಬಾಳೇ ಇಷ್ಟು. ಹಾಡಿನವರು ನನ್ನನ್ನು ವಿದ್ಯಾರ್ಥಿನಿ ಎನ್ನುತ್ತಾರೆ, ಯೂನಿವರ್ಸಿಟಿಯವರು ಹಾಡುಗಾರ್ತಿ ಎನ್ನುತ್ತಾರೆ, ಎರಡು ಕಡೆಯೂ ಕ್ಷಮೆ ಕೇಳಿಕೊಂಡೇ ವರ್ಷಗಳು ಕಳೆದಿವೆ. ಹಾಡು ಬರೆಯುವುದು, ಧ್ವನಿಮುದ್ರಿಸುವುದು, ಪೋಸ್ಟರ್ ಅಂಟಿಸುವುದು, ಆಂಪ್ಲಿಫೈಯರ್ ಹೊರುವುದು ಎಲ್ಲ ನಾನೇ. ಜೊತೆಗೆ ಸಮಾಜಶಾಸ್ತ್ರದ ಪದವಿ. ನನ್ನ ಜೊತೆ ಸೇರಿದವರೆಲ್ಲ ಮುಗಿಸಿ, ಮದುವೆಯಾಗಿ, ನಾಯಿಯನ್ನೂ ಸಾಕಿದ್ದಾರೆ. ನಾನಿನ್ನೂ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಪ್ರಾಸ ಹುಡುಕುತ್ತಿದ್ದೇನೆ.

ಪ್ರಬಂಧ ಬರೆದು ಕೊಟ್ಟ ಮಾತ್ರಕ್ಕೆ ನಮ್ಮಲ್ಲಿ ಬಿಡುಗಡೆಯಿಲ್ಲ. ಜೊತೆಯ ವಿದ್ಯಾರ್ಥಿಯೊಬ್ಬ ಎದುರಾಳಿಯಾಗಿ ಕೂತು ಎಲ್ಲರ ಮುಂದೆ ಅದನ್ನು ಕೆದಕಬೇಕು. ಎದುರಾಳಿ ಬಾರದಿದ್ದರೆ ಸೆಮಿನಾರ್ ಇಲ್ಲ, ಸೆಮಿನಾರ್ ಇಲ್ಲದೆ ಪದವಿಯಿಲ್ಲ. ಎಬ್ಬೆಗೆ ನಾನು ಎದುರಾಳಿ. ಅವನಿಗಾಗಲೇ ಲುಲಿಯೋ ನಗರಸಭೆಯಲ್ಲಿ ಕೆಲಸ ಗೊತ್ತಾಗಿತ್ತು, ಪದವಿ ಕೈಗೆ ಬರುವುದೊಂದೇ ಬಾಕಿ. ನಾನು ಗೋಥೆನ್‌ಬರ್ಗ್‌ಗೆ ಹೋದರೆ ಅವನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಹೋಗದಿದ್ದರೆ ನನ್ನ ಅನ್ನಕ್ಕೆ ನಾನೇ.

ಮರುದಿನ ಬೆಳಿಗ್ಗೆಯೇ ನಮ್ಮ ಮಾರ್ಗದರ್ಶಿ ಗುನ್ನೆಲ್‌ಳ ಕೋಣೆಗೆ ನುಗ್ಗಿದೆ. ಪ್ರೊಫೆಸರನ್ನೂ ನೀನು ಎಂದೇ ಮಾತಾಡಿಸುವ ಊರು ನಮ್ಮದು. ಅದರಿಂದ ಜಗಳವಾಡುವುದು ಸುಲಭ ಎಂದುಕೊಳ್ಳಬೇಡಿ. ನೀನು ನೀನು ಎಂದು ಗೆಳತಿಯ ಹಾಗೆ ಕೂತವಳ ಮೇಲೆ ರೇಗುವುದು ಹೇಗೆ? ಸೆಮಿನಾರನ್ನು ಸೋಮವಾರಕ್ಕೆ ಹಾಕು ಎಂದೆ. ಅವಳು ಕಾಫಿ ಬಗ್ಗಿಸಿ ಕೊಟ್ಟಳು. ನನ್ನ ಕಷ್ಟ ಅವಳಿಗೆ ತುಂಬಾ ಅರ್ಥವಾಗುತ್ತದಂತೆ, ಆದರೆ ಸೆಮಿನಾರಿಗೆ ಬರುವ ಉಳಿದವರ ಅಭಿಪ್ರಾಯವನ್ನೂ ಕೇಳುವುದು ಒಳ್ಳೆಯದಂತೆ. ಉಳಿದವರಿಗೆ ಬರೆದು ಕೇಳಿದೆ. ತಮ್ಮದೇನೂ ಅಡ್ಡಿಯಿಲ್ಲ, ಬೇರೆಯವರಿಗೆ ಸರಿಯಾದರೆ ಸರಿ ಎಂದು ಒಬ್ಬೊಬ್ಬರೂ ಉತ್ತರಿಸಿದರು. ಆ ಬೇರೆಯವರು ಯಾರು ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಮತ್ತೆ ಗುನ್ನೆಲ್‌ಳ ಹತ್ತಿರ ಹೋಗಿ, ನನ್ನ ಬದಲು ಇನ್ನೊಬ್ಬ ಎದುರಾಳಿಯನ್ನು ಕೂರಿಸು ಎಂದರೆ, ಇಷ್ಟು ಕಡಿಮೆ ಸಮಯದಲ್ಲಿ ಓದು ಎಂದು ಯಾರನ್ನಾದರೂ ಕೇಳುವುದು ಚೆನ್ನಾಗಿರುವುದಿಲ್ಲ ಎಂದಳು. ವಿಡಿಯೋದಲ್ಲಿ ಮಾಡುತ್ತೇನೆ ಎಂದರೆ, ಇಬ್ಬರೂ ಒಂದೇ ಕೋಣೆಯಲ್ಲಿರಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೇವಲ್ಲ ಎಂದಳು. ಬೇಡ ಎಂದು ಒಂದೇ ಒಂದು ಸಲ ಬಾಯಿಬಿಟ್ಟು ಅಂದಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದೆ. ಇಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಕೊನೆಗೆ ಎಬ್ಬೆಯ ಜೊತೆ ಮಾತಾಡಿ ನೋಡು ಎಂದು ಕಳಿಸಿದಳು.

ಎಬ್ಬೆ ನಮ್ಮ ವಿಭಾಗದ ಅಡಿಗೆಕೋಣೆಯಲ್ಲಿ ಪ್ಲೇಟು ತೊಳೆಯುತ್ತಿದ್ದ. ಉದ್ದನೆಯ, ಮೃದು ಮಾತಿನ ಹುಡುಗ. ಬಾಗಿಲು ದಾಟುವಾಗ ಬಾಗಿಲಿಗೂ ಕ್ಷಮೆ ಕೇಳುವ ಜಾತಿ. ಅವನ ಪ್ರಬಂಧವೂ ಅಂಥದ್ದೇ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇರುತ್ತದಲ್ಲ, ಅಲ್ಲಿ ಸರದಿಗಾಗಿ ಕಚ್ಚಾಡುವ ಜನ ಎದುರಿಗೆ ಸಿಕ್ಕರೆ ಹಲ್ಲು ಕಿರಿದು, ಹಿಂದಿನಿಂದ ಬಾಗಿಲಿಗೆ ಸಿಟ್ಟಿನ ಚೀಟಿ ಯಾಕೆ ಅಂಟಿಸುತ್ತಾರೆ ಎಂಬುದು ಅವನ ವಿಷಯ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೈ ಒರೆಸಿಕೊಂಡ.

"ಹೋಗು ತೂವಾ, ಪರವಾಗಿಲ್ಲ. ನನ್ ಬಗ್ಗೆ ತಲೆ ಕೆಡಿಸ್ಕೋಬೇಡ."

"ನಿನ್ ಪದವಿ ಏನಾಗತ್ತೆ?"

"ಆಗಸ್ಟಲ್ಲಿ ಇನ್ನೊಂದು ಸೆಮಿನಾರ್ ಇದ್ಯಲ್ಲ. ನಿಜವಾಗ್ಲೂ ಪರವಾಗಿಲ್ಲ. ಹೋಗಿ ಹಾಡು."

ಬಾಗಿಲವರೆಗೆ ಬಂದು ಮತ್ತೊಮ್ಮೆ ಅದನ್ನೇ ಹೇಳಿದ. ಸಂಜೆ ಮೆಸೇಜಿನಲ್ಲೂ ಅದನ್ನೇ ಬರೆದ, ಕೊನೆಗೊಂದು ನಗುವ ಮುಖವನ್ನೂ ಅಂಟಿಸಿದ. ನಮ್ಮವರು ಪರವಾಗಿಲ್ಲ ಎಂದರೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ನನ್ನಜ್ಜಿ ಇನ್ನೊಂದು ಬನ್ನು ಬೇಡವೇ ಬೇಡ ಎಂದು ತಟ್ಟೆಯನ್ನು ದೂರ ತಳ್ಳುತ್ತಾಳೆ. ಅವಳ ಮಾತು ನಂಬಿ ತಟ್ಟೆ ಎತ್ತಿಕೊಂಡು ಹೋದವರ ಮನೆಗೆ ಮತ್ತೆ ಕಾಲಿಡುವುದಿಲ್ಲ. ಪಾಪದ ಹುಡುಗ, ಒಳಗೆ ಕುದಿಯುತ್ತಿದ್ದಾನೆ, ಬಾಯಿಬಿಟ್ಟು ಹೇಳಲಾರ ಎಂದುಕೊಂಡೆ. ಕತ್ತಲಾಗುವ ಮುಂಚೆ ಗೋಥೆನ್‌ಬರ್ಗ್‌ಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಆ ಕಡೆಯ ಹೆಂಗಸು ತೊಂದರೆಯಿಲ್ಲ, ಇನ್ನೊಮ್ಮೆ ನೋಡೋಣ ಎಂದಳು. ಆ ಇನ್ನೊಮ್ಮೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗಿಟಾರನ್ನು ಬೀರುವಿನ ಹಿಂದೆ ತಳ್ಳಿ, ಅತ್ತು, ಮುಖ ತೊಳೆದುಕೊಂಡು ಬಟ್ಟೆ ಒಗೆಯುವ ಕೋಣೆಗಳ ಬಗ್ಗೆ ಓದಲು ಕೂತೆ.

ಹಾಡನ್ನು ಬಿಟ್ಟುಕೊಟ್ಟು ಓದುವವಳು ಹೇಗೆ ಓದಬೇಕೋ ಹಾಗೆ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಓದುತ್ತ ಹೋದಂತೆ ಅನುಮಾನ ಬಂತು. ಮೊದಲ ಅಧ್ಯಾಯಗಳು ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ ಜನರ ಮಾತುಗಳನ್ನು ತಂದು ಸುರಿದಿದ್ದ, ಅದರಿಂದ ಏನು ತಿಳಿಯಿತು ಎಂಬುದೇ ಇಲ್ಲ. ಕೊನೆಯದು ಅರ್ಧ ಪುಟಕ್ಕೇ ನಿಂತಿತ್ತು. ನನಗೇ ಅರ್ಥವಾಗುತ್ತಿಲ್ಲವೇನೋ ಎಂದು ಮತ್ತೆ ಓದಿದೆ. ನಮ್ಮಲ್ಲಿ ಇಂಥ ಹೊತ್ತಲ್ಲಿ ಮೊದಲು ಅನುಮಾನ ಬರುವುದು ತನ್ನ ಮೇಲೆಯೇ.

ಶುಕ್ರವಾರ ಕೋಣೆಯಲ್ಲಿ ಎಂಟು ಜನ ಸೇರಿದ್ದರು. ಮೇಜಿನ ಮೇಲೆ ಫ್ಲಾಸ್ಕು, ದಾಲ್ಚಿನ್ನಿ ಬನ್ನು. ಹೊರಗೆ ಏಪ್ರಿಲ್ಲಿನ ಕೊಳಕು ಹಿಮ ಕರಗುತ್ತಿತ್ತು. ಸೆಮಿನಾರನ್ನು ಯಾರೂ ರದ್ದು ಮಾಡಿರಲಿಲ್ಲ, ನಾನು ಹಾಡಲು ಹೋಗುತ್ತಿಲ್ಲವೆಂದು ಎಬ್ಬೆಗೆ ಹೇಳಿರಲೂ ಇಲ್ಲ. ನನ್ನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. ಪಾಪ, ಹೆದರಿದ್ದಾನೆ ಎಂದುಕೊಂಡು ಸಮಾಧಾನವಾಗಲೆಂದು ಭುಜ ತಟ್ಟಿದೆ. ಮೊದಲಿಗೆ ಎದುರಾಳಿ ಪ್ರಬಂಧದ ಸಾರಾಂಶ ಹೇಳಿ, ಸರಿಯಾಗಿ ಹೇಳಿದೆನೇ ಎಂದು ಬರೆದವನನ್ನು ಕೇಳಬೇಕು. ಹೇಳಿದೆ, ಕೇಳಿದೆ. ನಾನು ಬರೆದದ್ದಕ್ಕಿಂತ ಚೆನ್ನಾಗಿದೆ ಎಂದ. ಎಲ್ಲರೂ ನಕ್ಕರು. ಆಮೇಲೆ ಆದಷ್ಟೂ ಮೆಲ್ಲಗೆ ನಾಲ್ಕನೇ ಅಧ್ಯಾಯಕ್ಕೆ ಬಂದೆ.

"ಇಲ್ಲೊಬ್ಬ ಹೆಂಗಸು, ಪಕ್ಕದ್ಮನೆಯವ್ರು ತನ್ನ ಸರದಿ ತಗೊಂಡ್ರೂ ಪರವಾಗಿಲ್ಲ ಅಂತಾಳೆ. ನೀನು ಅದನ್ನ ಹಾಗೇ ಬರ್ಕೊಂಡು ಬಿಟ್ಟಿದೀಯ. ಅವ್ಳು ಒಳಗೊಳಗೇ ಕುದೀತಿರ್ಬಹುದು ಅಂತ ಅನ್ನಿಸ್ಲಿಲ್ವಾ?"

ಎಬ್ಬೆ ಹಾಳೆಗಳನ್ನು ಸರಿ ಮಾಡಿದ. ಸರಿಯಾಗಿದ್ದ ಹಾಳೆಗಳನ್ನೇ ಮತ್ತೆ ಸರಿ ಮಾಡಿದ.

"ಮೊದ್ಲು ಅನ್ನಿಸ್ತು. ಆಮೇಲೆ ಇನ್ನೊಂದ್ಸಲ ಹೋಗಿ ಕೇಳ್ದೆ. ಅವತ್ತು ಅವಳ ಹತ್ರ ಒಗೆಯೋಕೆ ಬಟ್ಟೇನೇ ಇರ್ಲಿಲ್ವಂತೆ. ಯಾರಾದ್ರೂ ಸರದಿ ತಗೊಂಡ್ರೆ ಸಾಕು ಅಂತ ಕಾಯ್ತಿದ್ಲು. ಎಲ್ರೂ ಮರ್ಯಾದೆಯಿಂದ ಅವಳಿಗೇ ಬಿಟ್ಟುಕೊಟ್ರು." ತಲೆಯೆತ್ತಿ ನನ್ನನ್ನೇ ನೋಡಿದ. "ಕೆಲವ್ರು ಪರವಾಗಿಲ್ಲ ಅಂದ್ರೆ ನಿಜವಾಗ್ಲೂ ಪರವಾಗಿಲ್ಲ ಅಂತಾನೇ, ತೂವಾ. ನಾವ್ಯಾರೂ ನಂಬಲ್ಲ ಅಷ್ಟೆ."

ಈ ಮಾತು ಪ್ರಬಂಧದಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಇಲ್ಲೊಂದು ಸ್ವಲ್ಪ ವಿರಾಮ ತೆಗೆದುಕೊಂಡರೆ ಚೆನ್ನಾಗಿರುತ್ತದೇನೋ ಎಂದು ಗುನ್ನೆಲ್ ಫ್ಲಾಸ್ಕಿಗೆ ಕೈ ಹಾಕಿದಳು. ನಾನು ಎಬ್ಬೆಯ ತೋಳು ಹಿಡಿದು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದೆ.

"ನಾನು ಬರ್ದೇ ಇರ್ಲಿ ಅಂತಿತ್ತಾ ನಿಂಗೆ?"

"ಪ್ರಬಂಧ ಮುಗಿದಿಲ್ಲ ಅಂತ ಕಾಣಲ್ವಾ? ನೀನು ಹೋಗಿದ್ರೆ ಸೆಮಿನಾರ್ ಆಗಸ್ಟಿಗೆ ಹೋಗ್ತಿತ್ತು. ನಂಗೂ ಬರೆಯೋಕೆ ಟೈಮ್ ಸಿಗ್ತಿತ್ತು."

"ಲುಲಿಯೋ ಕೆಲಸ?"

"ಸೆಪ್ಟೆಂಬರ್ ತನಕ ಕಾಯ್ತಾರೆ. ಕೇಳಿದೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ಹೋಗು ಅಂತ ಎಷ್ಟ್ ಸಲ ಹೇಳ್ದೆ?"

"ಅದು ಹೇಳಿದ್ದಲ್ಲ ಕಣೋ, ಅದು ಮರ್ಯಾದೆ. ಬರೆದಿಲ್ಲ, ದಯವಿಟ್ಟು ಬರ್ಬೇಡ ಅಂತ ಒಂದು ಮಾತು ಅಂದಿದ್ರೆ ನಾನೀಗ ಅಲ್ಲಿರ್ತಿದ್ದೆ."

"ನೀನೂ ಅಷ್ಟೇ. ನಂಗೆ ಹಾಡ್ಬೇಕು, ನಾನು ಬರಲ್ಲ ಅಂತ ಅನ್ಲಿಲ್ಲ. ನಿನ್ ಪದವಿ ಏನಾಗತ್ತೆ ಅಂದೆ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು ಅನಿಸಿತು. ಇಬ್ಬರೂ ಬೇಡವೆಂದುಕೊಂಡ ಸೆಮಿನಾರನ್ನು ಇಬ್ಬರೂ ಸೇರಿ ನಡೆಸುತ್ತಿದ್ದೆವು, ಒಬ್ಬರಿಗೊಬ್ಬರು ಉಪಕಾರವೆಂದು. ಜಗತ್ತಿನಲ್ಲಿ ಇಂಥ ದಡ್ಡತನ ಬೇರೆ ಯಾರಿಗಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಮಗಂತೂ ಇದು ಮನೆಯಲ್ಲೇ ಕಲಿಸುವ ಪಾಠ.

ವಿರಾಮದ ನಂತರ ನಾನು ಮೆಲ್ಲಗೆ ಮಾತಾಡಲಿಲ್ಲ. ಈ ಅಧ್ಯಾಯ ಮುಗಿದಿಲ್ಲ ಎಂದೆ. ಮುಗಿದಿಲ್ಲ ಎಂದ. ಈ ಪುಟದಲ್ಲಿರುವುದು ನಿನಗೇ ಅರ್ಥವಾಗಿಲ್ಲ ಎಂದೆ. ಆಗಿಲ್ಲ ಎಂದ. ಹಾಗಾದರೆ ನಮ್ಮ ಮುಂದೆ ಯಾಕೆ ತಂದಿಟ್ಟೆ ಎಂದೆ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಂದ. ಬನ್ನು ತಿನ್ನುತ್ತಿದ್ದವರು ಅಗಿಯುವುದನ್ನೇ ನಿಲ್ಲಿಸಿದರು. ಸಿಟ್ಟು ಬಂದವಳಿಗೆ ಪ್ರಶ್ನೆಗಳಿಗೇನು ಕೊರತೆ? ಒಂದಾದ ಮೇಲೊಂದು ಬಂದವು, ಮತ್ತು ಪ್ರತಿಯೊಂದಕ್ಕೂ ಎಬ್ಬೆ ಮೊದಲ ಬಾರಿಗೆ ನೇರ ಉತ್ತರ ಕೊಟ್ಟ. ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಬರೆದುಕೊಳ್ಳಲು ಶುರು ಮಾಡಿದಳು.

ಕೊನೆಗೆ ಗುನ್ನೆಲ್ ಎದ್ದಳು. ಪ್ರಬಂಧಕ್ಕೆ ಇನ್ನೂ ಕೆಲಸ ಬೇಕು, ಎಬ್ಬೆ ತಿದ್ದಿಕೊಂಡು ಆಗಸ್ಟಿನಲ್ಲಿ ಮತ್ತೆ ಬರಲಿ ಎಂದಳು. ಆಗಸ್ಟ್! ನಾನು ರೈಲು ಹತ್ತಿದ್ದರೂ ಅವನಿಗೆ ಸಿಗುತ್ತಿದ್ದ ಅದೇ ಆಗಸ್ಟ್. ಎಬ್ಬೆ ನೆಮ್ಮದಿಯಿಂದ ಉಸಿರು ಬಿಟ್ಟು, ತಟ್ಟೆಯಿಂದ ಬನ್ನೊಂದನ್ನು ಎತ್ತಿಕೊಂಡ. ಆಮೇಲೆ ಗುನ್ನೆಲ್ ನನ್ನ ಕಡೆ ತಿರುಗಿ, ತನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಒಳ್ಳೆಯ ಎದುರಾಳಿಯನ್ನು ಕಂಡಿರಲಿಲ್ಲ, ಸಂಶೋಧನೆಗೆ ಸೇರುವ ಬಗ್ಗೆ ಯೋಚಿಸಿದ್ದೀಯಾ ಎಂದು ಕೇಳಿದಳು.

ನಾನು ಉತ್ತರ ಕೊಡುವ ಮೊದಲೇ ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ಸೇರಿಕೊಂಡರು. ಒಬ್ಬಳ ಕೈಯಲ್ಲಿ ಕಾಫಿ ಲೋಟವಿದ್ದದ್ದರಿಂದ ಇನ್ನೊಂದು ಕೈಯಲ್ಲಿ ಮಂಡಿ ತಟ್ಟಿದಳು. ಅಷ್ಟು ಹೊತ್ತಿಗೆ ಗೋಥೆನ್‌ಬರ್ಗ್‌ನಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೋ ಮೈಕಿನ ಮುಂದೆ ನಿಂತು ಒಂದು, ಎರಡು ಎನ್ನುತ್ತಿರಬೇಕು. ನಾನು ಕುರ್ಚಿಯಿಂದ ಎದ್ದು, ಹಾಡು ಮುಗಿಸಿದಾಗ ಮಾಡುವ ಹಾಗೆ ಎರಡೂ ಕೈಗಳನ್ನು ಬದಿಗೆ ಚಾಚಿ, ಆ ಎಂಟು ಜನಕ್ಕೆ ತಲೆಬಾಗಿ ನಮಿಸಿದೆ. ಬಾಗಿದ ಮೇಲೆಯೇ ಏನು ಮಾಡುತ್ತಿದ್ದೇನೆಂದು ಗೊತ್ತಾದದ್ದು. ತಲೆಯೆತ್ತಲು ಮನಸ್ಸಾಗದೆ ಹಾಗೆಯೇ ನಿಂತಿದ್ದೆ, ಅವರು ತಟ್ಟುತ್ತಲೇ ಇದ್ದರು.